ಹೊರಗಿನವರ ಮೇಜು

ನನ್ನ ಜಾಗಕ್ಕೆ ಬಂದ ಹುಡುಗಿ ಮೊನ್ನೆ ಫೋನ್ ಮಾಡಿದ್ದಳು. "ಮೇಡಂ, ಪಾಸ್‌ವರ್ಡ್ ಕೊಟ್ಟು ಹೋದಿರಿ, ಬೀರುವಿನ ಕೀ ಕೊಟ್ಟು ಹೋದಿರಿ, ಈ ಕೆಲಸ ಏನು ಅಂತ ಮಾತ್ರ ಹೇಳಲೇ ಇಲ್ಲ" ಎಂದಳು. ಅವಳ ದೂರು ನ್ಯಾಯವಾದದ್ದೇ. ನನಗೂ ಯಾರೂ ಹೇಳಿರಲಿಲ್ಲ. ಅವಳಿಗೆ ಉತ್ತರ ಬರೆಯಲು ಕೂತರೆ ಅದು ಒಂದು ಇ-ಮೇಲಿನಲ್ಲಿ ಮುಗಿಯುವ ಹಾಗೆ ಕಾಣಲಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಆ ಮೇಜಿಗೆ ಮುಂದೆ ಬರುವವರೂ ಓದಿಕೊಳ್ಳಲಿ.

ರಾಮನಗರ ಬೇರೆ ಜಿಲ್ಲೆಯಾದ ಹೊಸತರಲ್ಲಿ ಪೊಲೀಸ್ ಕಚೇರಿಗೆ ನಾವೊಂದಷ್ಟು ಗುಮಾಸ್ತರು ವರ್ಗವಾಗಿ ಬಂದೆವು. ಕುರ್ಚಿಗಳು ಇನ್ನೂ ಬಂದಿರಲಿಲ್ಲ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಆಗಿನ ಸಾಹೇಬರು, "ಇಂಗ್ಲಿಷ್ ಚೆನ್ನಾಗಿ ಬರೋರು ಯಾರಿದ್ದೀರಿ?" ಎಂದು ಕೇಳಿದರು. ಸರ್ಕಾರಿ ಕಚೇರಿಯಲ್ಲಿ ಇಂಥ ಪ್ರಶ್ನೆಗೆ ಕೈ ಎತ್ತಬಾರದು ಎಂಬುದು ನನ್ನನ್ನು ಬಿಟ್ಟು ಉಳಿದೆಲ್ಲರಿಗೂ ಗೊತ್ತಿತ್ತು. ನಾನು ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರ್ ಕೇಳಿದರೆ ಉತ್ತರ ಗೊತ್ತಿದ್ದವರು ಕೈ ಎತ್ತಬೇಕು ಎಂದು ಕಲಿತವಳು. ಎತ್ತಿದೆ. ನಿವೃತ್ತಿಯಾಗುವವರೆಗೂ ಆ ಕೈ ಇಳಿಯಲಿಲ್ಲ.

ಹಾಗೆ ನನ್ನ ಪಾಲಿಗೆ ಬಂದದ್ದು ವಿದೇಶಿಯರ ಶಾಖೆ. ಶಾಖೆ ಎಂದರೆ ಕಿಟಕಿ ಪಕ್ಕದ ಒಂದು ಮೇಜು, ಒಂದು ಬೀರು ಮತ್ತು ನಾನು. ಮಿಕ್ಕವರು ಅದನ್ನು 'ಹೊರಗಿನವರ ಮೇಜು' ಎನ್ನುತ್ತಿದ್ದರು. ಬಹಳ ದಿನ ಇರಲು ಬಂದ ವಿದೇಶಿಯರು ತಾವು ಇಲ್ಲಿದ್ದೇವೆ ಎಂದು ನೋಂದಾಯಿಸಬೇಕು. ಮನೆ ಬದಲಾಯಿಸಿದರೆ ತಿಳಿಸಬೇಕು. ವೀಸಾ ಮುಗಿಯುವ ಮೊದಲು ಇನ್ನಷ್ಟು ಕಾಲ ಇರುತ್ತೇವೆ ಎಂದು ಅರ್ಜಿ ಹಾಕಬೇಕು. ಅವರನ್ನು ಇಟ್ಟುಕೊಂಡವರೂ ತಿಳಿಸಬೇಕು. ಈ ಎಲ್ಲರೂ ಹೇಳಿದ್ದು ಒಂದಕ್ಕೊಂದು ತಾಳೆಯಾಗುತ್ತದೆಯೇ ಎಂದು ನೋಡುವುದು ನಮ್ಮ ಕೆಲಸ. ಸಾಮಾನ್ಯವಾಗಿ ಆಗುವುದಿಲ್ಲ.

ಮೊದಲು ಬಂದವರು ಬಿಡದಿ ಕಡೆಯ ಕಾರ್ಖಾನೆಗಳ ಜಪಾನಿನವರು. ಅಷ್ಟು ಚೊಕ್ಕವಾದ ಅರ್ಜಿಗಳನ್ನು ನಾನು ಕಾನ್ವೆಂಟ್ ಬಿಟ್ಟ ಮೇಲೆ ನೋಡಿರಲಿಲ್ಲ. ಫೋಟೊ ಕೂಡ ಅಂಚು ನೋಡಿ ಅಂಟಿಸಿರುತ್ತಿದ್ದರು. ಒಮ್ಮೆ ಒಬ್ಬ ಹಿರಿಯ ಎಂಜಿನಿಯರ್ ಬಂದಾಗ, ದೊಡ್ಡ ಮನುಷ್ಯ ಎಂದು ನಮ್ಮ ಸೆಂಟ್ರಿ ಸೆಲ್ಯೂಟ್ ಹೊಡೆದ. ಅವರು ಸೊಂಟ ಬಗ್ಗಿಸಿ ನಮಸ್ಕರಿಸಿದರು. ಇಷ್ಟು ಬಗ್ಗಿದವರಿಗೆ ಮತ್ತೊಂದು ಸೆಲ್ಯೂಟ್ ಹೊಡೆಯದಿದ್ದರೆ ಮರ್ಯಾದೆಯಲ್ಲ ಎಂದು ಅವನು ಇನ್ನೊಂದು ಹೊಡೆದ. ಅವರು ಇನ್ನೂ ಸ್ವಲ್ಪ ಕೆಳಕ್ಕೆ ಬಗ್ಗಿದರು. ಕೊನೆಗೆ ನಾನೇ ಎದ್ದು ಹೋಗಿ ಅವರನ್ನು ಕೈ ಹಿಡಿದು ಒಳಗೆ ಕರೆತಂದೆ. ಶಿಷ್ಟಾಚಾರದ ಪ್ರಕಾರ ಅದು ತಪ್ಪಂತೆ, ಆಮೇಲೆ ಗೊತ್ತಾಯಿತು.

ಮನೆ ಮಾಲೀಕರದ್ದು ಬೇರೆ ಕಥೆ. ಚನ್ನಪಟ್ಟಣದಲ್ಲಿ ಮರದ ಬೊಂಬೆಗೆ ಅರಗಿನ ಬಣ್ಣ ಹಚ್ಚುವುದನ್ನು ಕಲಿಯಲು ಫ್ರಾನ್ಸಿನಿಂದ ಒಬ್ಬಳು ಹುಡುಗಿ ಬಂದಿದ್ದಳು. ಅವಳಿಗೆ ಮೇಲಿನ ರೂಮು ಕೊಟ್ಟ ಯಜಮಾನರಿಗೆ ಫಾರಂ ಕೊಟ್ಟು ತುಂಬಿಸಿಕೊಂಡು ಬನ್ನಿ ಎಂದೆ. 'ಎಲ್ಲಿಂದ ಬಂದರು' ಎಂಬ ಕಾಲಂನಲ್ಲಿ 'ಬಸ್ ಸ್ಟ್ಯಾಂಡಿನಿಂದ' ಎಂದು ಬರೆದಿದ್ದರು. 'ಮುಂದೆ ಹೋಗುವ ಸ್ಥಳ': 'ತಿಂಡಿಗೆ'. 'ಬಂದ ಉದ್ದೇಶ' ಎಂಬಲ್ಲಿ ಬಹಳ ಯೋಚಿಸಿರಬೇಕು, ಎರಡು ಸಲ ಹೊಡೆದು ಹಾಕಿ, 'ಅವರನ್ನೇ ಕೇಳುವುದು ಉತ್ತಮ' ಎಂದಿತ್ತು. ನಾನು ಫಾರಂ ವಾಪಸ್ ಕೊಟ್ಟರೆ ಅವರು ಸಿಟ್ಟಾದರು. "ಸುಳ್ಳು ಏನು ಬರ್ದಿದ್ದೀನಿ ತೋರ್ಸಿ ಮೇಡಂ!" ಎಂದರು. ತೋರಿಸಲು ಆಗಲಿಲ್ಲ.

ಆಗ ಎಲ್ಲ ಕಾಗದದಲ್ಲಿ. ಅರ್ಜಿದಾರರು ಎದುರಿಗೆ ಬಂದು ಕೂರುತ್ತಿದ್ದರು. ಬಿಸಿಲಿಗೆ ಕೆಂಪಗಾದ ಮುಖ, ಬಾಯಿ ಒಣಗಿರುವುದು, ಮೊದಲ ಸಲ ಸೀರೆ ಉಟ್ಟು ನಡೆಯಲಾಗದೆ ಒದ್ದಾಡುವುದು, ಎಲ್ಲ ಕಾಣುತ್ತಿತ್ತು. ಒಂದು ಲೋಟ ನೀರು ಕೊಟ್ಟರೆ ಅರ್ಧ ವಿಚಾರಣೆ ಮುಗಿದ ಹಾಗೆ. ಆಮೇಲೆ ಆನ್‌ಲೈನ್ ಬಂತು. ಅವರು ಮನೆಯಲ್ಲಿ ಕೂತು ಅಪ್‌ಲೋಡ್ ಮಾಡುತ್ತಾರೆ, ಬೆಂಗಳೂರಿನ ದೊಡ್ಡ ಕಚೇರಿ ನೋಡುತ್ತದೆ, ವಿಳಾಸ ಪರಿಶೀಲನೆಗೆ ಮಾತ್ರ ನಮಗೆ ಬರುತ್ತದೆ, ನಾವು ಠಾಣೆಗೆ ಕಳಿಸುತ್ತೇವೆ. ಕೆಲಸ ಸಲೀಸಾಯಿತು, ಸುಳ್ಳು ಹೇಳುವುದಿಲ್ಲ. ನೀರಿನ ಲೋಟ ಮಾತ್ರ ಬೀರುವಿನ ಮೇಲೆ ಬೋರಲು ಬಿದ್ದುಕೊಂಡಿತು. ಈಗಂತೂ ಜಿಲ್ಲೆಯ ಹೆಸರೇ ಬದಲಾಗಿದೆ. ವಿಳಾಸ ಬದಲಾಯಿತು, ಯಾಕೆ ತಿಳಿಸಲಿಲ್ಲ ಎಂದು ನಾವು ಎಷ್ಟು ಜನರನ್ನು ಗದರಿಸಿದ್ದೆವೋ! ಈಗ ಕೂತಲ್ಲೇ ನಮ್ಮ ವಿಳಾಸ ಬದಲಾಯಿತು. ಯಾರೂ ನಮ್ಮನ್ನು ಗದರಿಸಲಿಲ್ಲ.

ಇಷ್ಟು ಪೀಠಿಕೆ. ನಾನು ಹೇಳಬೇಕಾದದ್ದು ಇಂಗ್ರಿಡ್ ಅವರ ಕೇಸು.

ಮಾಗಡಿ ತಾಲ್ಲೂಕಿನ ಕಲ್ಯದ ಆಚೆ ಒಂದು ಸಣ್ಣ ಹಳ್ಳಿ. ಅಲ್ಲಿಯ ಸಿದ್ಧರಾಜು ಎಂಬುವರು ಮೆಕ್ಯಾನಿಕ್ ತರಬೇತಿಗೆಂದು ಜರ್ಮನಿಗೆ ಹೋಗಿ ಅಲ್ಲೇ ಕೆಲಸ ಹಿಡಿದು, ಇಂಗ್ರಿಡ್ ಅವರನ್ನು ಮದುವೆಯಾಗಿ, ತಂದೆ ತೀರಿಕೊಂಡಾಗ ಹೆಂಡತಿಯ ಜೊತೆ ಊರಿಗೆ ಬಂದು ನಿಂತವರು. ತಾಯಿ ಕೆಂಪಮ್ಮ. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಗೂಡು ತಂದ ದಿನ ಗಂಡ ಹೆಂಡತಿ ಇಬ್ಬರೂ ನಮ್ಮ ಕಚೇರಿಗೂ ಬಂದು ಹೋಗುತ್ತಿದ್ದರು. ಒಂದೇ ಬಸ್ ಚಾರ್ಜಿನಲ್ಲಿ ಎರಡು ಕೆಲಸ.

ಜಿಲ್ಲೆ ಬೇರೆಯಾಗುವ ಮೊದಲೇ ಊರಿಗೆ ಬಂದಿದ್ದ ಇಂಗ್ರಿಡ್ ನನ್ನ ಮೇಜಿಗೆ ಮೊದಲ ಸಲ ಬಂದಾಗ ನಾನು ನನ್ನ ಅತ್ಯುತ್ತಮ ಕಾನ್ವೆಂಟ್ ಇಂಗ್ಲಿಷಿನಲ್ಲಿ, "ಗುಡ್ ಮಾರ್ನಿಂಗ್, ಪ್ಲೀಸ್ ಡೂ ಟೇಕ್ ಎ ಸೀಟ್" ಎಂದೆ.

"ಕೂತ್ಕತ್ತೀನಿ ಮೇಡಮ್ಮೋರೆ, ಒಸಿ ನೀರು ಕೊಟ್ಬುಡಿ ಮೊದ್ಲು" ಎಂದರು.

ಕನ್ನಡ ಕಲಿತದ್ದು ಅತ್ತೆಯಿಂದ. ಅತ್ತೆಗೆ ಬೇರೆ ಭಾಷೆ ಬರುತ್ತಿರಲಿಲ್ಲ. ನಾನು ಇಂಗ್ಲಿಷಿನಲ್ಲಿ ಕೇಳುವುದು, ಅವರು ಮಾಗಡಿ ಕನ್ನಡದಲ್ಲಿ ಉತ್ತರಿಸುವುದು, ಹೀಗೆ ನಮ್ಮ ಸಂದರ್ಶನಗಳು ನಡೆಯುತ್ತಿದ್ದವು. ಪಕ್ಕದ ಮೇಜಿನವರು ಕೆಲಸ ಬಿಟ್ಟು ಕೇಳಿಸಿಕೊಳ್ಳುತ್ತಿದ್ದರು.

ಇಲ್ಲಿಯವರನ್ನು ಮದುವೆಯಾದ ವಿದೇಶಿಯರು ಒಂದು ಶಾಶ್ವತವಾದ ಕಾರ್ಡ್ ಮಾಡಿಸಿಕೊಳ್ಳಬಹುದು. ಆಮೇಲೆ ಪದೇ ಪದೇ ವಿಸ್ತರಣೆಯ ಗೋಳಿಲ್ಲ. ನಾನು ಪ್ರತಿ ಸಲ ಹೇಳುತ್ತಿದ್ದೆ. ಸಿದ್ಧರಾಜು ಪ್ರತಿ ಸಲ, "ಈ ಬೆಳೆ ಆಗ್ಲಿ ಮೇಡಂ, ಮಾಡುಸ್ಬುಡಾನ" ಎನ್ನುತ್ತಿದ್ದರು. ರೇಷ್ಮೆಯವರಿಗೆ ಒಂದು ಬೆಳೆ ಮುಗಿಯುವುದರೊಳಗೆ ಇನ್ನೊಂದು ಇರುತ್ತದೆ. ಹಾಗಿರುವಾಗ ಒಂದು ದಿನ ಅವರು ಹಿಪ್ಪುನೇರಳೆ ತೋಟದಲ್ಲೇ ಎದೆ ಹಿಡಿದುಕೊಂಡು ಬಿದ್ದು ತೀರಿಕೊಂಡರು. ಅದಾದ ಮೇಲೆ ಇಂಗ್ರಿಡ್ ಮೊದಲ ಸಲ ಒಬ್ಬರೇ ವಿಸ್ತರಣೆಗೆ ಅರ್ಜಿ ಹಾಕಿದರು. ಗಂಡ ಇಲ್ಲದ ಮೇಲೆ ಆ ಕಾರ್ಡಿನ ದಾರಿ ಮುಚ್ಚಿತು. ವಿಸ್ತರಣೆ ಸಿಗಬಹುದು, ಸಿಗದೆಯೂ ಇರಬಹುದು. ಎಲ್ಲ ನಿಂತಿದ್ದದ್ದು ಅವರು ಆ ಮನೆಯಲ್ಲೇ ವಾಸವಿದ್ದಾರೆ ಎಂಬ ಠಾಣೆಯ ವರದಿಯ ಮೇಲೆ.

ವರದಿ ಬಂತು. 'ಸದರಿ ವಿಳಾಸದಲ್ಲಿ ಯಾವುದೇ ವಿದೇಶಿ ಪ್ರಜೆ ವಾಸವಿರುವುದಿಲ್ಲ ಎಂದು ಮನೆಯವರೂ ಗ್ರಾಮಸ್ಥರೂ ತಿಳಿಸಿರುತ್ತಾರೆ.'

ಬೆಂಗಳೂರಿನವರು ಅದನ್ನು ನೋಡಿ ಅರ್ಜಿ ಮುಚ್ಚಿದರು. ಇರುವ ವೀಸಾ ಮುಗಿಯುವುದರೊಳಗೆ ದೇಶ ಬಿಡತಕ್ಕದ್ದು ಎಂದು ಇಂಗ್ರಿಡ್ ಅವರಿಗೆ ಮೇಲ್ ಹೋಯಿತು.

ಮಾರನೆಯ ದಿನ ಅವರು ಪ್ರಿಂಟ್ ಹಿಡಿದು ಬಂದರು. "ಏನ್ ಮೇಡಮ್ಮೋರೆ, ನಾನು ಮನೇಲೇ ಇಲ್ವಂತೆ! ಹುಳ ಕೊನೇ ಜ್ವರದಿಂದ ಎದ್ದಿತ್ತು, ಸೊಪ್ಪು ಹಾಕ್ತಾ ಒಳಗೇ ಇದ್ದೆ. ಯಾರೋ ಬಂದ್ರು, ಅತ್ತೆ ಮಾತಾಡಿ ಕಳ್ಸುದ್ರು."

ಜ್ವರ ಎಂದರೆ ಹುಳ ಪೊರೆ ಬಿಡುವಾಗ ತಲೆ ಎತ್ತಿಕೊಂಡು ಅಲ್ಲಾಡದೆ ಮಲಗುವುದು. ಕೊನೆಯ ಜ್ವರದಿಂದ ಎದ್ದರೆ ಅವಕ್ಕೆ ಸೊಪ್ಪು ಹಾಕಿದಷ್ಟೂ ಸಾಲದು. ಆ ಹೊತ್ತಿನಲ್ಲಿ ಹುಳದ ಮನೆಗೆ ಹೊರಗಿನವರು ಕಾಲಿಡುವ ಹಾಗಿಲ್ಲ, ರೋಗ ಬಂದರೆ ಬೆಳೆಯೇ ಹೋಯಿತು. ಹಾಗಾಗಿ ಇವರು ಹೊರಗೆ ಬರಲಿಲ್ಲ, ಪೇದೆ ಒಳಗೆ ಹೋಗಲಿಲ್ಲ.

"ಅತ್ತೆ ಏನು ಹೇಳಿ ಕಳಿಸಿದರು?" ಎಂದೆ. ಅಷ್ಟು ವರ್ಷದಲ್ಲಿ ಅವರೊಡನೆ ಮೊದಲ ಸಲ ಕನ್ನಡದಲ್ಲಿ ಕೇಳಿದೆ.

"ಇಲ್ಲಿ ಫಾರಿನ್‌ನೋರು ಯಾರೂ ಇಲ್ಲ, ಇರೋದು ನಾನು, ನನ್ನ ಸೊಸೆ ಅಂತ."

ಊರಿನಲ್ಲಿ ಯಾರೋ ಹಾಲಿನ ಡೈರಿಯ ಹತ್ತಿರ, ಗಂಡ ಸತ್ತ ಮೇಲೆ ಸರ್ಕಾರದವರು ಬಂದು ಹಿಡಿದುಕೊಂಡು ಹೋಗಿ ವಿಮಾನ ಹತ್ತಿಸುತ್ತಾರಂತೆ ಎಂದಿದ್ದರಂತೆ. ಅಂದಿನಿಂದ ಊರಿಗೆ ಊರೇ ಒಂದು ಮಾತಿಗೆ ಬಂದಿತ್ತು. ಪೊಲೀಸರಿಂದ ಒಬ್ಬರನ್ನು ಉಳಿಸಬೇಕಾದರೆ ಅವರು ಇಲ್ಲ ಎನ್ನಬೇಕು. ಅದು ನಮ್ಮ ಕಡೆ ಹುಟ್ಟುತ್ತಲೇ ಬರುವ ವಿದ್ಯೆ.

"ಹೋಗಬೇಕಾಗಿ ಬಂದರೆ?" ಎಂದೆ.

ಇಂಗ್ರಿಡ್ ಸೆರಗಿನಲ್ಲಿ ಕೈ ಒರೆಸಿಕೊಂಡರು. ಕೈಯಲ್ಲಿ ಸೊಪ್ಪಿನ ಕಪ್ಪು ಹಾಗೇ ಇತ್ತು. "ಅಲ್ಲಿ ಯಾರೂ ಇಲ್ಲ ಮೇಡಮ್ಮೋರೆ. ವಿಮಾನ ಇಳಿದ್ರೆ ಅಲ್ಲೂ ಒಂದು ಫಾರಂ ಕೊಡ್ತಾರೆ. ಅಡ್ರೆಸ್ ಅಂತ ಇರೋ ಕಡೆ ಏನು ಬರೀಲಿ?"

ನಾನು ಆ ಹೊತ್ತಿಗೆ ಬಂದಿದ್ದ ಸಾಹೇಬರ ಹತ್ತಿರ ಹೋದೆ. ಅವರು ಯಾವುದಕ್ಕೂ ಗಾಬರಿಯಾಗದ ಮನುಷ್ಯ. "ಇಲ್ಲ ಅಂತ ಒಂದು ರಿಪೋರ್ಟ್ ಇದೆ. ಇದ್ದಾರೆ ಅಂತ ಇನ್ನೊಂದು ತನ್ನಿ. ಎರಡೂ ಕಳಿಸೋಣ" ಎಂದರು. ಮತ್ತೆ, "ಈ ಸಲ ಮನೆ ಯಜಮಾನರ ಹೇಳಿಕೆ, ಗ್ರಾಮಸ್ಥರ ಸಹಿ, ಎಲ್ಲ ಇರಲಿ. ವಿದೇಶಿ ಪ್ರಜೆ ಇದ್ದಾರೆ ಅಂತ ಸ್ಪಷ್ಟವಾಗಿ ಬರಬೇಕು" ಎಂದರು. ಮನೆ ಕೆಂಪಮ್ಮನ ಹೆಸರಿನಲ್ಲಿತ್ತು.

ವೀಸಾ ಮುಗಿಯಲು ದಿನ ಹೆಚ್ಚು ಉಳಿದಿರಲಿಲ್ಲ. ಗುಮಾಸ್ತರು ಸ್ಥಳಕ್ಕೆ ಹೋಗುವ ಪದ್ಧತಿಯಿಲ್ಲ. ಸಾಹೇಬರು ಫ್ಯಾನಿನ ಕಡೆ ನೋಡುತ್ತಾ, "ಭಾಷಾಂತರಕ್ಕೆ ಅಂತ ಹೋಗಿ ಬನ್ನಿ" ಎಂದರು. ಜರ್ಮನಿಯವರ ಮಾಗಡಿ ಕನ್ನಡವನ್ನು ಯಾವ ಭಾಷೆಗೆ ಎಂದು ನಾನು ಕೇಳಲಿಲ್ಲ. ಹಿಂದಿನ ವರದಿ ಬರೆದಿದ್ದ ಪೇದೆ ಶಿವಣ್ಣನೇ ನನ್ನನ್ನು ಜೀಪಿನಲ್ಲಿ ಕರೆದುಕೊಂಡು ಹೋದ. ಕನಕಪುರ ಕಡೆಯವನು, ಆ ಊರಿಗೆ ಹೊಸಬ, ಒಳ್ಳೆಯವನು.

ಸಂಜೆ ಹಾಲು ಹಾಕುವ ಹೊತ್ತು. ಡೈರಿಯ ಮುಂದೆ ಜನ ಸಾಲು ನಿಂತಿದ್ದರು. ಸೆಕ್ರೆಟರಿ ಪುಟ್ಟಸ್ವಾಮಿ ಹಾಲಿನ ಫ್ಯಾಟು ನೋಡುತ್ತಿದ್ದ.

"ಯಾಕಣ್ಣ, ಅವತ್ತು ಇಲ್ಲಿ ಜರ್ಮನಿಯೋರು ಯಾರೂ ಇಲ್ಲ ಅಂತ ನೀನೇ ಅಲ್ವಾ ಹೇಳಿದ್ದು?" ಎಂದ ಶಿವಣ್ಣ.

"ಇವತ್ತೂ ಅದೇ ಹೇಳ್ತೀನಿ ಸಾಮಿ. ಜರ್ಮನಿ ಅಂದ್ರೆ ಯಾವ ಹೋಬಳಿ?"

ಅಷ್ಟರಲ್ಲಿ ಇಂಗ್ರಿಡ್ ಕ್ಯಾನು ಹಿಡಿದು ಬಂದರು. "ಪುಟ್ಸಾಮಣ್ಣ, ಒಸಿ ಜಾಗ ಬುಡು" ಎಂದು ಹಾಲು ಸುರಿದರು. ಪುಟ್ಟಸ್ವಾಮಿ ತಲೆ ಎತ್ತದೆ ಮಷೀನು ನೋಡಿದ.

"ಇವರ್ಯಾರು?" ಎಂದ ಶಿವಣ್ಣ.

"ಕೆಂಪಮ್ಮನ ಸೊಸೆ."

"ಬಣ್ಣ ನೋಡಿದ್ರೆ..."

"ಬಿಸ್ಲಿಗೆ ಬರಾಕಿಲ್ಲ ಸಾಮಿ. ಹುಳದ ಮನೇಲೇ ಇರ್ತಾಳೆ."

ಸಾಲಿನಲ್ಲಿದ್ದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಇಂಗ್ರಿಡ್, "ಅಣ್ಣ, ಇವ್ರು ನಮ್ಮ ಮೇಡಮ್ಮೋರು, ನಾನೇ ಬರಾಕೇಳಿದ್ದು. ನಿಜ ಹೇಳಿ" ಎಂದರು.

"ಪೊಲೀಸ್ನೋರ ಮುಂದೆ ನಿಜ ಹೇಳಿ ಅಂತ ನಿಂಗೆ ಯಾರ್ ಕಲ್ಸುದ್ರಮ್ಮಿ? ಇಷ್ಟ್ ವರ್ಸ ಆದ್ರೂ ಬುದ್ಧಿ ಬರ್ನಿಲ್ವಲ್ಲ!" ಎಂದ ಪುಟ್ಟಸ್ವಾಮಿ. ತಾನೇ ಸಿಕ್ಕಿಬಿದ್ದದ್ದು ಗೊತ್ತಾಗಿ ಮತ್ತೆ ಮಷೀನಿನ ಕಡೆ ತಿರುಗಿದ. ನಾನು ಎಲ್ಲ ಬಿಡಿಸಿ ಹೇಳಿದೆ. ಊರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೊನೆಗೆ, "ಕೆಂಪಮ್ಮ ಹೆಬ್ಬೆಟ್ಟು ಒತ್ತುದ್ರೆ ನಾವೂ ಸೈನು ಹಾಕ್ತೀವಿ" ಎಂದರು.

ಕೆಂಪಮ್ಮ ಜಗುಲಿಯ ಮೇಲೆ ಕೂತಿದ್ದರು. ಶಿವಣ್ಣ ಬರೆದದ್ದನ್ನು ಗಟ್ಟಿಯಾಗಿ ಓದಿದ. 'ನನ್ನ ಮನೆಯಲ್ಲಿ ಇಂಗ್ರಿಡ್ ಎಂಬ ಹೊರದೇಶದವರು ವಾಸವಿರುತ್ತಾರೆ...'

"ಯಾರು ಹೊರಗಿನೋಳು?" ಎಂದರು ಕೆಂಪಮ್ಮ. "ನನ್ ಮಗನ್ನ ಮಣ್ಣು ಮಾಡ್ಬುಟ್ಟು ಬಂದ ದಿನ ನನ್ನ ತಲೇನ ತೊಡೆ ಮೇಲೆ ಇಟ್ಕೊಂಡು ಕೂತಿದ್ದೋಳು ಇವ್ಳು. ಇವ್ಳನ್ನ ಹೊರಗಿನೋಳು ಅಂತ ಬರುದ್ರೆ ಹೆಬ್ಬೆಟ್ಟು ಒತ್ತಾಕೆ ನನ್ ಕೈ ಬತ್ತದಾ? ತಗೊಂಡೋಗಪ್ಪ ನಿನ್ ಪೇಪರ."

"ಅಮ್ಮ, ಹೊರಗಿನವರು ಅಂತ ನೀವು ಬರೆದುಕೊಟ್ಟರೆ ಮಾತ್ರ ಅವರನ್ನು ಇಲ್ಲಿರೋಕೆ ಬಿಡ್ತಾರೆ. ನಮ್ಮವಳು ಅಂತ ಹೇಳಿದರೆ ಕಳಿಸಿಬಿಡ್ತಾರೆ" ಎಂದೆ. ಬಾಯಿಂದ ಬಂದ ಮೇಲೆ ನನಗೂ ಅದು ವಿಚಿತ್ರವಾಗಿ ಕೇಳಿಸಿತು. ಅಷ್ಟು ವರ್ಷ ಮಾಡಿದ ಕೆಲಸವನ್ನು ಅಷ್ಟು ಸಣ್ಣದಾಗಿ ಹೇಳಿಕೊಂಡದ್ದು ಅದೇ ಮೊದಲು.

"ಇದ್ಯಾವ ಸೀಮೆ ಕಾನೂನವ್ವ?"

"ಕಾನೂನು ನಂದಲ್ಲಮ್ಮ. ಫೈಲು ಮಾತ್ರ ನಂದು."

"ಹಂಗಾದ್ರೆ ಫೈಲ್‌ನ ಮನೆಗೆ ತಗೊಂಡೋಗು" ಎಂದು ಅವರು ಗೋಡೆಯ ಕಡೆ ತಿರುಗಿ ಕೂತರು.

 ಮನೆಗೆ ಹೊಸ ಹುಳದ ಮರಿ ತಂದಿದ್ದರು, ಸೊಪ್ಪು ಹಾಕುವ ಹೊತ್ತಾಗಿತ್ತು. ಇಂಗ್ರಿಡ್ ಎದ್ದು ಬಚ್ಚಲಿಗೆ ಹೋಗಿ ಕೈಕಾಲು ತೊಳೆದರು. ಹುಳದ ಮನೆಯ ಹೊಸ್ತಿಲ ಹತ್ತಿರ ರೋಗ ಬರದಿರಲೆಂದು ಇಟ್ಟಿದ್ದ ಸುಣ್ಣದ ಪುಡಿ ತುಳಿದು, ಬಾಗಿಲನ್ನು ಒಬ್ಬರು ತೂರುವಷ್ಟೇ ತೆರೆದು, ಒಳಗೆ ಹೋಗಿ ಮುಚ್ಚಿಕೊಂಡರು. ಕೆಂಪಮ್ಮ ಗೋಡೆಯ ಕಡೆಯಿಂದ ತಿರುಗಿ ಅದನ್ನೆಲ್ಲ ನೋಡುತ್ತಿದ್ದರು, ಸುಣ್ಣ ಸರಿಯಾಗಿ ತುಳಿದಳೋ ಇಲ್ಲವೋ ಎಂದು.

 ಶಿವಣ್ಣ ಪೆನ್ನಿನ ಕ್ಯಾಪು ಹಾಕಿದ.

"ನಾನು ತಿಪ್ಪಸಂದ್ರದಿಂದ ಈ ಮನೆಗೆ ಬಂದಾಗ" ಎಂದರು ಕೆಂಪಮ್ಮ, ಯಾರಿಗೂ ಅಲ್ಲ ಎನ್ನುವ ಹಾಗೆ, "ನಮ್ಮತ್ತೆ ಎಷ್ಟೋ ಬೆಳೆ ಈ ಹೊಸ್ಲು ತುಳಿಯಾಕೆ ಬುಡ್ನಿಲ್ಲ. ಹೊರಗಿನೋಳು, ಕೈಗುಣ ಹೆಂಗೋ ಏನೋ ಅಂತ. ಇವ್ಳನ್ನ ನಾನು ಬಂದ ವರ್ಸವೇ ಬುಟ್ಟೆ." ಮತ್ತೆ ಶಿವಣ್ಣನ ಕಡೆ ತಿರುಗಿ, "ಬರ್ಕೋ ಕಣಪ್ಪ. ಈ ಮನೇಲಿ ಹೊರಗಿನೋರು ಇಬ್ರು ಅವ್ರೆ ಅಂತ ಬರ್ಕೋ. ಒಬ್ಳು ತಿಪ್ಪಸಂದ್ರದೋಳು, ಒಬ್ಳು ಜರ್ಮನಿಯೋಳು. ಇಬ್ರುದ್ದೂ ಇದ್ರೆ ಒತ್ತೀನಿ. ಇವ್ಳೊಬ್ಳುದ್ದೇ ಆದ್ರೆ ಒತ್ತಾಕಿಲ್ಲ."

ಶಿವಣ್ಣ ನನ್ನ ಮುಖ ನೋಡಿದ. ಇಂಥ ಹೇಳಿಕೆಗೆ ಯಾವ ಮಾದರಿಯೂ ಇಲ್ಲ. ನಾನು ಕನಕಪುರದಿಂದ ಮದುವೆಯಾಗಿ ರಾಮನಗರಕ್ಕೆ ಬಂದವಳು. ನನ್ನ ಬಗ್ಗೆ ಯಾರೂ ಹೇಳಿಕೆ ಬರೆಸಿರಲಿಲ್ಲ, ಯಾರೂ ಪಕ್ಕದಲ್ಲಿ ತಮ್ಮ ಹೆಸರು ಸೇರಿಸಿ ಎಂದಿರಲಿಲ್ಲ. ಬರಿ ಎಂದೆ. ಅವನು ಕ್ಯಾಪು ತೆಗೆದ. ಕೆಂಪಮ್ಮ ಒತ್ತಿದರು. ಡೈರಿಯ ಜನರೂ ಸಾಲಾಗಿ ಬಂದು ಸಹಿ ಹಾಕಿದರು. ಪುಟ್ಟಸ್ವಾಮಿ ಡೈರಿಯ ಸೀಲು ಕೂಡ ಒತ್ತಿದ, ಬೇಡವೆಂದರೂ ಕೇಳಲಿಲ್ಲ.

ವರದಿ ಸಾಹೇಬರ ಮೇಜಿಗೆ ಹೋಯಿತು. 'ಸದರಿ ಮನೆಯಲ್ಲಿ ಹೊರಗಿನಿಂದ ಬಂದ ಇಬ್ಬರು ಮಹಿಳೆಯರು ಖಾಯಂ ಆಗಿ ವಾಸವಿರುತ್ತಾರೆ.' ಅವರು ಅಂಚಿನಲ್ಲಿ ಹಸಿರು ಇಂಕಿನಲ್ಲಿ ಕೇಳಿದರು: 'ಎರಡನೆಯವರ ಪಾಸ್‌ಪೋರ್ಟ್ ವಿವರ ಎಲ್ಲಿ?'

ನಾನು ಕೆಳಗೆ ಬರೆದೆ: 'ತಿಪ್ಪಸಂದ್ರವು ಮಾಗಡಿ ತಾಲ್ಲೂಕಿನಲ್ಲೇ ಇರುವುದರಿಂದ ವೀಸಾ ಅನ್ವಯಿಸುವುದಿಲ್ಲ.'

ಅವರು ಅದರ ಕೆಳಗೆ 'ನೋಡಲಾಗಿದೆ' ಎಂದು ಬರೆದು ಸಹಿ ಹಾಕಿದರು. ನನ್ನ ಮೇಲಧಿಕಾರಿಗಳಲ್ಲಿ ಇವರನ್ನೇ ಹೆಚ್ಚು ನೆನೆಯುತ್ತೇನೆ. ಬೆಂಗಳೂರಿನವರು ಮುಚ್ಚಿದ ಅರ್ಜಿಯನ್ನು ಮತ್ತೆ ತೆರೆದರು, ಒಂದೆರಡು ವಿವರಣೆ ಕೇಳಿದರು, ಕೊಟ್ಟೆವು. ವೀಸಾ ಮುಗಿಯುವುದಕ್ಕೆ ಸ್ವಲ್ಪ ಮೊದಲು ವಿಸ್ತರಣೆಯ ಮೇಲ್ ಬಂತು. ಇಂಗ್ರಿಡ್ ಅದನ್ನು ತೋರಿಸಲು ಬರಲಿಲ್ಲ. ಹುಳ ಹಣ್ಣಾಗಿದ್ದವು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ಕೆಲಸವಿತ್ತು. ಫೋನಿನಲ್ಲೇ, "ಬಂತು ಮೇಡಮ್ಮೋರೆ, ಇಡ್ತೀನಿ, ಕೈಯಲ್ಲಿ ಹುಳ ಐತೆ" ಎಂದರು.

ಇಷ್ಟೇ ಮಗಳೇ ಈ ಕೆಲಸ. ಪಾಸ್‌ವರ್ಡ್ ಆಗಾಗ ಬದಲಾಯಿಸು. ಬೀರುವಿನ ಮೇಲಿರುವ ಲೋಟ ತೊಳೆದಿಟ್ಟುಕೋ, ಯಾರಾದರೂ ಬಂದೇ ಬರುತ್ತಾರೆ. 'ಇಲ್ಲ' ಎಂಬ ವರದಿ ಬಂದರೆ, ಇಲ್ಲ ಎಂದು ಹೇಳಿದವರು ಯಾರು, ಯಾಕೆ ಹೇಳಿದರು ಎಂದು ಒಮ್ಮೆ ಕೇಳು. ಆ ಹಳ್ಳಿಗೆ ಈಗ ಹೊಸ ಪೇದೆ ಹೋಗುತ್ತಾನೆಂದು ಫೋನಿನಲ್ಲಿ ಹೇಳಿದೆಯಲ್ಲ, ಅವನಿಗೆ ಬೂಟು ಬಿಚ್ಚಿಟ್ಟು ಹೊರಗೇ ಕಾಯಲು ಹೇಳು.

ಯಾಕೆಂದರೆ ನನ್ನ ಸರ್ವೀಸಿನ ಕೊನೆಯ ಪರಿಶೀಲನೆಗೆ ಶಿವಣ್ಣನೇ ಹೋಗಿದ್ದ. ಡೈರಿಯ ಮುಂದೆ ಬೈಕ್ ನಿಲ್ಲಿಸುವ ಮೊದಲೇ ಪುಟ್ಟಸ್ವಾಮಿ, "ಫಾರಿನ್‌ನೋರಾ? ಅವ್ರೆ, ಅವ್ರೆ, ಹೋಗಿ ಸಾಮಿ!" ಎಂದು ಕೂಗಿದನಂತೆ. ಮನೆಯ ಹತ್ತಿರ ಕೆಂಪಮ್ಮ ಅದೇ ಜಗುಲಿಯ ಮೇಲೆ ಕೂತಿದ್ದರು.

"ಅಮ್ಮ, ಜರ್ಮನಿಯೋರು ಅವ್ರಾ?" ಎಂದು ಕೇಳಿದ.

"ಒಳಗವ್ಳೆ ಕಣಪ್ಪ" ಎಂದರಂತೆ. ಇವನು ಮೆಟ್ಟಿಲು ಹತ್ತಲು ಹೋದರೆ ಕೋಲು ಅಡ್ಡ ಹಿಡಿದು, "ಅಲ್ಲೇ ಕೂತ್ಕೋ. ಹುಳ ಎದ್ದೈತೆ, ಹೊರಗಿನೋರು ಒಳಗೆ ಬರಂಗಿಲ್ಲ" ಎಂದರಂತೆ.